ಟಾಕಿಯ ಬಾಯಿಗೆ ಇಟ್ಟ ಚಪ್ಪಲಿ

ಇದ್ದಿಲಿಗೆ ವಾಸನೆ ಇರುವುದಿಲ್ಲ. ಇಷ್ಟು ವರ್ಷಗಳಿಂದ ಕಾರ್ಖಾನೆಗೆ ಇದ್ದಿಲು ಕೊಳ್ಳುತ್ತಿರುವವಳು ನಾನು, ಅಷ್ಟಾದರೂ ಗೊತ್ತಿರಬೇಕಲ್ಲ. ಒಲೆಯ ಇದ್ದಿಲಲ್ಲ ಇದು. ತೆಂಗಿನ ಚಿಪ್ಪನ್ನು ಸುಟ್ಟು, ಉಗಿ ಹಾಯಿಸಿ, ಕಾಳು ಕಾಳಾಗಿ ಒಡೆದು ಮಾಡುವ ಆಕ್ಟಿವೇಟೆಡ್ ಕಾರ್ಬನ್. ಗಾಳಿಯಲ್ಲಿರುವ ಹೊಲಸನ್ನೆಲ್ಲ ಅದು ತನ್ನೊಳಗೆ ಎಳೆದುಕೊಳ್ಳುತ್ತದೆ. ಆದರೆ ಹೋದ ವಾರ, ಮಳೆ ಹಿಡಿದು ಬಿಡದ ಒಂದು ಮಧ್ಯಾಹ್ನ, ಆಫೀಸಿನ ಮೇಜಿನ ಕೆಳಗಿನ ಖಾನೆಯಲ್ಲಿ ಕತ್ತರಿ ಹುಡುಕುವಾಗ ಕೈಗೆ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಸಿಕ್ಕಿತು. ಒಳಗೆ ಅರ್ಧದವರೆಗೆ ಕರಿಯ ಕಾಳು. ಮುಚ್ಚಳ ಎಂದೋ ಸೀಳಿ, ಮಳೆಗಾಲದ ತೇವವೆಲ್ಲ ಒಳಗಿಳಿದಿತ್ತು. ತಿರುಗಿಸಿ ತೆರೆದೆ. ನಶ್ಯದ ವಾಸನೆ ಬಂತು...

ಮುಚ್ಚಳ ಕೈಯಲ್ಲೇ ಉಳಿಯಿತು. ಆ ಘಾಟು ಒಬ್ಬರದೇ.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಗೇಟಿನ ಕಾವಲುಗಾರನಿಂದ ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಇದ್ದಿಲ ಕಾಕಾ. ವಿಜಾಪುರದ ಕಡೆಯವರು, ಮೀಸೆ ಚಿಗುರುವ ವಯಸ್ಸಿಗೇ ಪುಣೆಗೆ ಬಂದವರು. ಯೆರವಡಾದಲ್ಲಿ ಅವರದೊಂದು ತಗಡಿನ ಗೋದಾಮು. ದಕ್ಷಿಣದಿಂದ ಲಾರಿಯಲ್ಲಿ ಬಂದ ಇದ್ದಿಲನ್ನು ಜರಡಿ ಹಿಡಿದು, ಚೀಲ ಕಟ್ಟಿ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ತಳೇಗಾಂವದ ನಮ್ಮ ಕಾರ್ಖಾನೆಯಲ್ಲಿ ಅಂಟು ತಯಾರಾಗುತ್ತದೆ. ಅದರ ವಾಸನೆ ಹೊರಗೆ ಬಿದ್ದರೆ ಸುತ್ತಲಿನ ಹೊಸ ಕಾಲೊನಿಗಳ ಜನ ಗೇಟಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಎರಡಾಳೆತ್ತರದ ಎರಡು ಕಬ್ಬಿಣದ ಟಾಕಿಗಳಲ್ಲಿ, ಅಂದರೆ ಟ್ಯಾಂಕುಗಳಲ್ಲಿ, ಇದ್ದಿಲು ತುಂಬಿ, ಗಾಳಿಯನ್ನು ಅದರ ಮೂಲಕ ಹಾಯಿಸಿ ಬಿಡುತ್ತೇವೆ. ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ತುಂಬಬೇಕು.

ನಾನು ಖರೀದಿ ವಿಭಾಗಕ್ಕೆ ಹೊಸದಾಗಿ ಸೇರಿದ ವರ್ಷ ಅದು. ಕೆಲಸಕ್ಕೆ ಹೊಸಬಳು, ಬಾಯಿ ಮಾತ್ರ ಧಾರವಾಡದಿಂದ ತಂದದ್ದು. ಮೂರು ಜನ ಮಾರಾಟಗಾರರ ಲ್ಯಾಬ್ ವರದಿ ಮುಂದಿಟ್ಟುಕೊಂಡು, ನಿಮ್ಮದೇ ಯಾಕೆ ಕೊಳ್ಳಬೇಕು ಎಂದು ಮರಾಠಿಯಲ್ಲಿ ದಬಾಯಿಸಿದೆ. ಅಷ್ಟರಲ್ಲಿ ಮನೆಯಿಂದ ಫೋನ್ ಬಂದು ಕನ್ನಡದಲ್ಲಿ ಎರಡು ಮಾತಾಡಿದೆನೋ ಇಲ್ಲವೋ, ಮುದುಕರ ಮುಖ ಅರಳಿತು.

"ನಮ್ಮಾಕಿನ ಅಲಾ ನೀ? ಮದಲ ಹೇಳಬಾರದೇನವಾ. ಒಂದು ಲೋಟ ನೀರು ತರಸು."

ಕುಡಿಯಲಿಕ್ಕೆಂದುಕೊಂಡೆ. ಅವರು ಕಿಸೆಯಿಂದ ಒಂದು ಹಿಡಿ ಇದ್ದಿಲು ತೆಗೆದು ಆ ಲೋಟಕ್ಕೆ ಸುರುವಿ, ಅದನ್ನು ನನ್ನ ಕಿವಿಗೆ ಹಿಡಿದರು. ಒಳಗಿನಿಂದ ಸಣ್ಣಗೆ ಸುಯ್ ಎನ್ನುವ ಸದ್ದು. ನಿಲ್ಲಲೇ ಇಲ್ಲ.

"ಉಸರು ಬಿಡಾಕತ್ತದ, ಕೇಳಿದಿ? ಚೊಲೊ ಮಾಲು ಹಿಂಗ ಉಸರು ಬಿಡತದ. ಸತ್ತ ಮಾಲು ಸುಮ್ಮನ ಮುಳಗತದ."

ಕಾಳಿನ ಸಂದಿಯ ಗಾಳಿ ಹೊರಬೀಳುವ ಸದ್ದು ಅದು ಎಂದು ಆಮೇಲೆ ಲ್ಯಾಬಿನವರು ತಿಳಿಸಿದರು. ತಿಳಿದ ಮೇಲೂ ಮೈ ಜುಮ್ಮೆನ್ನುವುದು ತಪ್ಪಲಿಲ್ಲ. ಮಿಕ್ಕ ಇದ್ದಿಲನ್ನು ಅವರು ನನ್ನ ಮೇಜಿನ ಮೇಲಿದ್ದ ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕಿ, ನಶ್ಯದ ಕೈಯಲ್ಲೇ ಮುಚ್ಚಳ ಬಿಗಿದರು. "ಇದು ನುಂಗತದ ಖರೆ, ಆದ್ರ ಅರಗಿಸಿಕೊಳ್ಳೂದಿಲ್ಲ. ಹಸಿ ಹತ್ತಿತು ಅಂದ್ರ ತಿರುಗಿ ಕೊಡತದ," ಎಂದರು. ವ್ಯಾಪಾರದ ಮಾತು ಎಂದು ನಕ್ಕು, ಆರ್ಡರು ಅವರಿಗೇ ಕೊಟ್ಟೆ.

ಟಾಕಿ ಬಿಚ್ಚುವ ದಿನ ಅವರ ಇನ್ನೊಂದು ಪದ್ಧತಿ ಕಂಡೆ. ಹಳೆಯ ಇದ್ದಿಲಿಗೆ ಬೆಂಕಿ ಹತ್ತಬಾರದು, ಪುಡಿ ಏಳಬಾರದು ಎಂದು ಮೊದಲು ನೀರು ಹಾಯಿಸುತ್ತಾರೆ. ಆಮೇಲೆ ಟಾಕಿಯ ಕೆಳಗಿರುವ ಸಣ್ಣ ದುಂಡು ಬಾಗಿಲು ತೆಗೆಯುತ್ತಾರೆ. ಅದಕ್ಕೆ ಎಲ್ಲರೂ ಟಾಕಿಯ ಬಾಯಿ ಅನ್ನುವುದು. ಕಾಕಾ ತಮ್ಮ ಕೈಚೀಲದಿಂದ ಒಂದು ಜೋಡು ಹಳೆಯ ಕೊಲ್ಹಾಪುರಿ ಚಪ್ಪಲಿ ತೆಗೆದು ಆ ಬಾಯಿಯ ಮುಂದೆ ಇಟ್ಟರು. ಯಾರೋ ಬಿಟ್ಟು ಒಳಗೆ ಹೋದ ಹಾಗೆ. ಆಮೇಲೆ ಬಗ್ಗಿ, ಆ ಕತ್ತಲೆಯೊಳಗೆ ಮೂರು ಸಲ ಕರೆದರು.

"ತಮ್ಮಾ, ಹೊರಗ ಬಾರೋ."

ಕಬ್ಬಿಣ ಅವರ ದನಿಯನ್ನೇ ತಿರುಗಿ ಕಳಿಸಿತು. ಹೊಸದಾಗಿ ಬಂದಿದ್ದ ಕೆಲಸಗಾರನೊಬ್ಬ ಚಪ್ಪಲಿ ನೋಡಿ, "ಆತ ಕೋಣ ಆಹೇ?" ಎಂದ. ಒಳಗೆ ಯಾರಿದ್ದಾರೆ?

ಕಾಕಾ ಅವನಿಗೆ ಮರಾಠಿಯಲ್ಲೇ ಹೇಳಿದರು: ಒಳಗೆ ಒಬ್ಬ ಇದ್ದಾನೆ. ಹೋದವನು ಇನ್ನೂ ಬಂದಿಲ್ಲ. ಅವನನ್ನು ನೆನೆಸಿಕೊಂಡು ಒಳಗೆ ಹೋಗು.

ಆ ಹುಡುಗ ಗಾಳಿ ಊದುವ ಯಂತ್ರ ನಡೆಯುತ್ತಿದೆಯೇ ಎಂದು ಎರಡು ಸಲ ನೋಡಿದ. ಗಾಳಿ ಅಳೆಯುವ ಮೀಟರನ್ನು ಮೂರು ಸಲ ನೋಡಿದ. ಸೊಂಟದ ಹಗ್ಗ ಜಗ್ಗಿ ನೋಡಿದ. ಸೇಫ್ಟಿ ಸಾಹೇಬರು ಗಂಟೆಗಟ್ಟಲೆ ಭಾಷಣ ಬಿಗಿದರೂ ಆಗದ ಕೆಲಸವನ್ನು ಒಂದು ಜೋಡು ಚಪ್ಪಲಿ ಮಾಡಿತ್ತು. ಕಾಕಾ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತವರು ಕೊನೆಯ ಮನುಷ್ಯ ಹೊರಬರುವವರೆಗೆ ಏಳಲಿಲ್ಲ. ನಾನು ಚಹಾ ಕುಡಿಯಲು ಕರೆದಾಗ, "ಬಾಯಿಗೆ ಕುಂತಾಂವ ಏಳಬಾರದು," ಎಂದುಬಿಟ್ಟರು.

ಚಪ್ಪಲಿ ಅವರ ತಮ್ಮನದು. ಬೇರೊಂದು ಕಾರ್ಖಾನೆಯಲ್ಲಿ, ಎಷ್ಟೋ ವರ್ಷಗಳ ಹಿಂದೆ, ಟಾಕಿಯೊಳಗೆ ಬಿದ್ದ ಜೊತೆಗಾರನನ್ನು ಎಳೆದು ತರಲು ಹೋದವನು ಅವನು. ಹಸಿ ಇದ್ದಿಲು ಮುಚ್ಚಿದ ಜಾಗದ ಗಾಳಿಯಿಂದ ಜೀವ ಹೀರಿಬಿಡುತ್ತದಂತೆ. ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮೂ ಬರುವುದಿಲ್ಲ. ಎರಡು ಉಸಿರು, ಅಷ್ಟೇ.

"ಮದಲನೇದಾಂವನ್ನ ಇದ್ದಲಿ ಕೊಲ್ಲತದ ನೋಡವಾ," ಎಂದಿದ್ದರು ಕಾಕಾ. "ಎರಡನೇದಾಂವನ್ನ ಅಂವನ ಮ್ಯಾಲಿನ ಮಾಯಾ ಕೊಲ್ಲತದ. ಯಾರರ ಒಳಗ ಬಿದ್ದಿದ್ದು ಕಂಡರ ನೀ ಹಿಂದ ಹೋಗಬ್ಯಾಡ. ಬೆನ್ನಿಗೆ ಗಾಳಿ ಸಿಲಿಂಡರ್ ಕಟಗೊಂಡಾವರು ಬರೂತನ ನಿಂದರು. ಎದಿ ಒಡದ್ರೂ ನಿಂದರು."

ವರ್ಷಗಳು ಹೋದವು. ಕಾಕಾನ ಮೊಣಕಾಲು ಬಾತುಕೊಂಡವು. ಒಂದು ದೀಪಾವಳಿಗೆ ಬಂದಾಗ ಚಪ್ಪಲಿಯ ಚೀಲವನ್ನೇ ನನ್ನ ಮೇಜಿನ ಮೇಲಿಟ್ಟು, ಪ್ರತಿ ಸಲ ಬರಲು ಆದೀತೋ ಇಲ್ಲವೋ, ಇನ್ನು ನೀನೇ ಇಡು ಎಂದರು. ನಾನು ಇಟ್ಟೆ. ಇಡುತ್ತಲೂ ಬಂದೆ. ಅವರು ಮಾತ್ರ ಬರುವುದನ್ನು ಬಿಡಲಿಲ್ಲ. ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ಬಂದೇ ಬರುತ್ತಿದ್ದರು.

ಕೊನೆಯ ವರ್ಷ ಅವರ ಮರೆವು ನನ್ನ ಗಮನಕ್ಕೆ ಬಂದಿತ್ತು. ಕೊಟ್ಟ ಸ್ಯಾಂಪಲನ್ನೇ ಮತ್ತೆ ಕೊಡುತ್ತಿದ್ದರು. ಒಂದು ದಿನ ಆಫೀಸಿಗೆ ಬಂದವರು ಕೂಡಲೂ ಇಲ್ಲ. ನಿಂತುಕೊಂಡೇ ಕೇಳಿದರು: "ನಮ್ಮ ತಮ್ಮ ಇಲ್ಲಿಗೇನರ ಬಂದಿದ್ದನೇನವಾ? ಮುಂಜಾನಿಂದ ಕಾಣವಲ್ಲ."

ಅವರ ಕಣ್ಣು ನನ್ನ ಹಿಂದಿನ ಬಾಗಿಲ ಮೇಲಿತ್ತು. ನಾನೂ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಸತ್ತವನ ಸುದ್ದಿಯನ್ನು ಮತ್ತೆ ಹೇಗೆ ಹೇಳುವುದು? ಸಮಾಧಾನಕ್ಕೆಂದು, "ಇಲ್ರಿ ಕಾಕಾ, ಬಂದಿಲ್ಲ. ಬಂದ್ರ ಹೇಳ್ತೀನಿ," ಎಂದೆ. ತಲೆಯಾಡಿಸಿ ಹೋದರು. ಅವರ ಮಗನಿಗೆ ಒಂದು ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇದ್ದಿಲು ತುಂಬುವ ದಿನ ಹತ್ತಿರ ಬಂದಿತ್ತು. ಈ ಗದ್ದಲ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಆ ದಿನ ಟಾಕಿ ಅರ್ಧ ಖಾಲಿಯಾಗಿತ್ತು. ಕೆಲಸಗಾರರು ಊಟಕ್ಕೆ ಹೋಗಿದ್ದರು. ಹೋಗುವಾಗ ಗಾಳಿ ಊದುವ ಯಂತ್ರವನ್ನೂ ನಿಲ್ಲಿಸಿದ್ದರು. ಬಾಯಿಯ ಮುಂದೆ ನಾನು ಬೆಳಿಗ್ಗೆ ಇಟ್ಟ ಚಪ್ಪಲಿ, ಪಕ್ಕದ ಸ್ಟೂಲಿನ ಮೇಲೆ ಒಬ್ಬ ಕಾವಲಿನವನು. ಲಾರಿ ಬಂತು. ಡ್ರೈವರನಿಗೆ ಅವಸರ. ಚೀಲಗಳನ್ನು ಎಲ್ಲಿ ಇಳಿಸಬೇಕೆಂದು ಗೇಟಿನಿಂದ ಕೂಗಿದ. ಗೇಟಿನ ಹತ್ತಿರವಿದ್ದ ನಾನು ಸ್ಟೂಲಿನ ಮೇಲಿದ್ದವನಿಗೆ ಫೋನ್ ಮಾಡಿ, "ಜರಾ ಇಕಡೇ ಯೇ," ಇತ್ತ ಬಾ, ಜಾಗ ತೋರಿಸು ಎಂದೆ. ಹತ್ತು ನಿಮಿಷದ ಕೆಲಸ. ನಾನೇ ಕರೆದದ್ದು. ಬೇರೆ ಯಾರೂ ಅಲ್ಲ.

ಕಾಕಾ ಲಾರಿಯಿಂದ ಇಳಿದದ್ದನ್ನು ನಾವು ನೋಡಲಿಲ್ಲ.

ನಾವಿಬ್ಬರೂ ತಿರುಗಿ ಬಂದಾಗ ಟಾಕಿಯ ಬಾಯಿಯ ಮುಂದೆ ಎರಡು ಜೋಡು ಚಪ್ಪಲಿ ಇದ್ದವು. ತಮ್ಮನ ಚಪ್ಪಲಿಯ ಪಕ್ಕದಲ್ಲಿ ಕಾಕಾನವು, ಒಂದಕ್ಕೊಂದು ತಾಗಿಸಿ ಇಟ್ಟಿದ್ದವು. ಬಗ್ಗಿ ನೋಡಿದೆ. ಕೈಗೆ ಸಿಗದಷ್ಟು ಒಳಗೆ ಅವರ ಅಂಗಾಲು ಬೆಳ್ಳಗೆ ಕಂಡಿತು. ಕಾವಲಿನವನು "ಕಾಕಾ" ಎನ್ನುತ್ತ ಬಾಗಿಲಿಗೆ ತಲೆ ಹಾಕಿದ. ನಾನು ಎರಡೂ ಕೈಯಿಂದ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಅವನು ನನ್ನನ್ನು ಬೈದ, ಅತ್ತ, ಕೈ ಕಚ್ಚಿದ. ನಾನು ಬಿಡಲಿಲ್ಲ. ಸಿಲಿಂಡರ್ ಕಟ್ಟಿಕೊಂಡವರು ಓಡಿ ಬರುವವರೆಗೆ ಆ ಅಂಗಾಲನ್ನೇ ನೋಡುತ್ತ ನಿಂತೆ. ಎದೆ ಒಡೆಯಿತು. ನಿಂತೆ.

ಹೊರಗೆ ತಂದಾಗ ಉಸಿರಿರಲಿಲ್ಲ. ಮುಖದಲ್ಲಿ ಗಾಬರಿ ಇರಲಿಲ್ಲ. ಬಲಗೈ ಮುಂದೆ ಚಾಚಿದ್ದು ಹಾಗೇ ಉಳಿದಿತ್ತು, ಮಲಗಿದವರನ್ನು ಎಬ್ಬಿಸಲು ಹೋದವರ ಹಾಗೆ.

ಬಂದರೆ ಹೇಳುತ್ತೇನೆ ಎಂದಿದ್ದೆನಲ್ಲ. ಬಾಯಿಗೆ ತಮ್ಮನ ಚಪ್ಪಲಿ ಇಟ್ಟು ಹೇಳಿದ್ದೆ, ಬಂದಿದ್ದಾನೆ ಎಂದು.

ಸಂಜೆ ಲಾರಿಯ ಡ್ರೈವರ್ ನನ್ನನ್ನು ಬದಿಗೆ ಕರೆದ. ಪುಣೆ ಜಿಲ್ಲೆಯ ಶಿರೂರಿನ ಕಡೆಯವನು, ಕನ್ನಡದ ಗಂಧವಿಲ್ಲ. ಮುದುಕರು ಟಾಕಿಯ ಹತ್ತಿರ ಮೂರು ಸಲ ಯಾರನ್ನೋ ಕರೆದದ್ದು ಲಾರಿಯಲ್ಲೇ ಕೂತಿದ್ದ ಅವನಿಗೆ ಕೇಳಿಸಿತ್ತಂತೆ. ಆಮೇಲೆ ಕಿವಿಗೊಟ್ಟವರ ಹಾಗೆ ಸ್ವಲ್ಪ ಹೊತ್ತು ನಿಂತರಂತೆ. ಆಮೇಲೆ ಎರಡು ಸಲ ಏನೋ ಅಂದರಂತೆ. ಅವನು ಅದನ್ನು ನೆನಪಿಟ್ಟುಕೊಂಡಿದ್ದ.

"ಬಂದೆ, ಬಂದೆ, ಅಸಂ ಕಾಯತರೀ," ಅಂಥದೇನೋ, ಎಂದ. "ಮ್ಹಣಜೇ ಕಾಯ, ಮ್ಯಾಡಮ್?" ಹಾಗೆಂದರೇನು?

ಗೊತ್ತಿಲ್ಲ ಎಂದೆ.

ಚಪ್ಪಲಿ ಎರಡೂ ಜೋಡನ್ನು ಅವರ ಮಗ ಒಯ್ದ. ಅವುಗಳನ್ನು ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ. ಗೋದಾಮು ಈಗ ಅವನದೇ, ಇದ್ದಿಲು ಈಗಲೂ ಅಲ್ಲಿಂದಲೇ ಬರುತ್ತದೆ. ಫೋನ್ ಮಾಡಲಿಲ್ಲ ಎಂಬ ಮಾತನ್ನು ಅವನ ಮುಂದೆ ಹೇಳಲು ನನ್ನ ಇಷ್ಟು ದೊಡ್ಡ ಬಾಯಿಗೆ ಇನ್ನೂ ಆಗಿಲ್ಲ... ಬಾಟಲಿಯ ವಾಸನೆ ಮೂಗಿಗೆ ಬಡಿದ ಆ ಮಧ್ಯಾಹ್ನ ಅದನ್ನೇ ಮುಖದ ಹತ್ತಿರ ಹಿಡಿದು, ತಪ್ಪಾತ್ರಿ ಕಾಕಾ ಎಂದೆ. ಐದೂವರೆಯ ಹೊತ್ತಿಗೆ ವಾಸನೆ ಪೂರ್ತಿ ಹೋಗಿತ್ತು. ಮರುದಿನ ತೆರೆದರೂ ಬರಲಿಲ್ಲ.

ನಿನ್ನೆ ಟಾಕಿ ಬಿಚ್ಚಿದೆವು. ಖರೀದಿಯವಳಿಗೆ ಅಲ್ಲೇನು ಕೆಲಸ ಎಂದು ಹೊಸ ಸಾಹೇಬರು ನಗುತ್ತಾರೆ, ನಗಲಿ. ಬಾಯಿಯ ಮುಂದೆ ಈಗ ಚಪ್ಪಲಿ ಇಡುವುದಿಲ್ಲ. ನಾನೇ ಸ್ಟೂಲು ಹಾಕಿಕೊಂಡು ಕೂಡುತ್ತೇನೆ. ಕೆಲಸಗಾರರು ಒಳಗೆ ಹೋಗುವ ಮೊದಲು ಬಗ್ಗಿ ಮೂರು ಸಲ, "ಕಾಕಾ, ಹೊರಗ ಬರ್ರಿ," ಎಂದು ಕರೆದೆ. ನನ್ನ ದನಿಯೇ ತಿರುಗಿ ಬಂತು. ಆಮೇಲೂ ಸ್ವಲ್ಪ ಹೊತ್ತು ಕಾದೆ. ಬೇರೇನೂ ಕೇಳಿಸಲಿಲ್ಲ.

ಮೂವರು ಒಳಗಿದ್ದರು. ಮಧ್ಯಾಹ್ನ ಗೇಟಿನಿಂದ ಫೋನ್ ಬಂತು. ಲಾರಿ ಬಂದಿದೆ, ಡ್ರೈವರ್ ಅವಸರ ಮಾಡುತ್ತಿದ್ದಾನೆ, ಒಂದು ನಿಮಿಷ ಬಂದು ಜಾಗ ತೋರಿಸುತ್ತೀರಾ ಎಂದು ಹೊಸದಾಗಿ ಸೇರಿದ ಹುಡುಗಿ ಕೇಳಿದಳು.

ಲಾರಿ ಕಾಯಲಿ, ಎಂದೆ.