ಕಣ್ಣೇ ರಫು ಮಾಡಿದ ತೂತು

ತಾನು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಬಾರದು ಎಂದು ಜೀವಮಾನವಿಡೀ ದುಡಿದವಳು ಸೂಜಕ್ಕ. ಅವಳದು ರಫು ಕೆಲಸ. ನುಸಿ ತಿಂದ ಶಾಲು, ಸಿಗರೇಟಿನ ಕಿಡಿ ತಾಗಿದ ಕೋಟು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಚ್ಚಿ ತೂತಿನ ಮೇಲೆ ಹೊಸದಾಗಿ ನೇಯ್ದುಬಿಡುತ್ತಿದ್ದಳು. ಗಿರಾಕಿ ಬಂದು "ತೂತು ಎಲ್ಲಿತ್ತು?" ಎಂದು ತಡಕಾಡಿದರೆ ಅದೇ ಅವಳಿಗೆ ಬಹುಮಾನ. ಹೆತ್ತವರಿಟ್ಟ ಹೆಸರನ್ನು ಜನ ಎಂದೋ ಮರೆತಿದ್ದರು. ಅವಳೂ ನೆನಪಿಸುವ ಗೋಜಿಗೆ ಹೋಗಿರಲಿಲ್ಲ.

ಅಂಗಡಿ ಲಾಂಡ್ರಿಯ ಮಹಡಿಯ ಮೇಲಿತ್ತು. ಕಿಟಕಿ ಬಳಿಯ ಮೇಜು ಸೂಜಕ್ಕನದು, ಬಾಗಿಲ ಬಳಿಯ ಸ್ಟೂಲು ಅವಳ ತಂಗಿಯದು. ಬಟ್ಟೆ ತೆಗೆದುಕೊಳ್ಳುವುದು, ಇಸ್ತ್ರಿ ಹಾಕುವುದು, ಕಟ್ಟಿಕೊಡುವುದು ತಂಗಿಯ ಪಾಲು. ಸೂಜಿ ಮಾತ್ರ ಅವಳ ಕೈಗೆ ಸಿಗುತ್ತಿರಲಿಲ್ಲ. "ನಿನ್ನ ಕೈ ಒರಟು ಕಣೇ, ಗೋಣಿಚೀಲ ಹೊಲಿಯೋಕೆ ಲಾಯಕ್ಕು" ಎಂದು ಅಕ್ಕ ಅಂದಾಗಲೆಲ್ಲ ತಂಗಿ ನಗುತ್ತಿದ್ದಳು. ನಕ್ಕಳೆಂದ ಮಾತ್ರಕ್ಕೆ ಮರೆತಳೆಂದಲ್ಲ. ಅಷ್ಟು ಸಣ್ಣ ಎಳೆ ಹುಡುಕುವ ಸೂಜಕ್ಕನಿಗೆ ಇದು ಹೊಳೆಯಲಿಲ್ಲ.

ಸೂಜಕ್ಕನ ಎಡಗಣ್ಣು ಹುಟ್ಟಿನಿಂದಲೇ ಮಂದ. ದುಡಿದು ಹಾಕಿದ್ದೆಲ್ಲ ಬಲಗಣ್ಣು. ಅದಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿಕೊಂಡು ಕೂತರೆ ಸುತ್ತಲ ಲೋಕ ಅವಳಿಗೆ ಬೇಕಿರಲಿಲ್ಲ. ಹೋದ ವರ್ಷ ಗೆರೆಗೆರೆಯ ಬಟ್ಟೆಯೊಂದು ಕೈಗೆ ಬಂತು. ಗೆರೆಗಳು ನಟ್ಟನಡುವೆ ಬಳುಕಿದ್ದವು.

"ನೋಡೇ ಇಲ್ಲಿ, ಈಗಿನ ಗಿರಣಿಯವರಿಗೆ ನೆಟ್ಟಗೆ ಒಂದು ಗೆರೆ ಹಾಕೋ ಯೋಗ್ಯತೆ ಇಲ್ಲ" ಎಂದಳು.

ತಂಗಿ ಬಂದು ಬಗ್ಗಿ ನೋಡಿದಳು. ಗೆರೆಯುದ್ದಕ್ಕೂ ಬೆರಳೆಳೆದು, ಅಕ್ಕನ ಮುಖ ನೋಡಿ, "ಹೌದಕ್ಕ, ಬಟ್ಟೆನೇ ಹಾಗಿದೆ" ಎಂದಳು.

ಆಮೇಲೆ ಬಂದ ಬಟ್ಟೆಗಳೆಲ್ಲ ಸೊಟ್ಟವೇ. ಸೂಜಕ್ಕ ಗಿರಣಿಯವರ ವಂಶವನ್ನೆಲ್ಲ ಜಾಲಾಡಿದಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಬಲ್ಲವಳೇ ಹಾಗೆಂದಳು, ಪಕ್ಕದಲ್ಲಿದ್ದವಳು ತಾಳ ಹಾಕಿದಳು.

ಬರಬರುತ್ತ ಆ ಬಳುಕೂ ಕಾಣದಾಯಿತು. ಕೆಲಸ ಹೂ ಎತ್ತಿದಷ್ಟು ಹಗುರವಾಯಿತು. ನಾಲ್ಕು ಎಳೆ ಹಾಯಿಸುವಷ್ಟರಲ್ಲಿ ತೂತು ಮಾಯ. ಗಿರಾಕಿಗಳೂ "ಈಚೆಗೆ ನಿಮ್ಮ ಕೈ ಇನ್ನೂ ಪಳಗಿದೆ" ಎನ್ನುತ್ತಿದ್ದರು. ಸೂಜಕ್ಕ ಹಿಗ್ಗಿ ಹೀರೇಕಾಯಿಯಾದಳು.

ಒಂದು ಬೆಳಿಗ್ಗೆ ತಂಗಿ ಇದ್ದಿಲು ಬಣ್ಣದ ದಾರ ತರಲು ಪೇಟೆಗೆ ಹೋಗಿದ್ದಾಗ ಬ್ಯಾಂಡಿನ ಕಹಳೆಯವನು ರಫಿಗೆ ಕೊಟ್ಟಿದ್ದ ಕೋಟು ಒಯ್ಯಲು ಹೇಳಿದ ದಿನಕ್ಕಿಂತ ಮೊದಲೇ ಬಂದ. ಸೂಜಕ್ಕ ತಾನೇ ಕೋಟು ಮಡಿಸಿ ಕೊಟ್ಟಳು. ಅವನು ತೋಳು ಬಿಡಿಸಿ ನೋಡಿದ.

"ಅಮ್ಮಾ, ತೂತು ಹಾಗೇ ಇದೆಯಲ್ಲ."

"ನಿಮ್ಮ ಕಣ್ಣು ತೋರಿಸ್ಕೊಳ್ಳಿ" ಎಂದಳು ಸೂಜಕ್ಕ. ಭೂತಗನ್ನಡಿ ಹಚ್ಚಿ ನೋಡಿದಳು. ಎಳೆಯ ಪಕ್ಕ ಎಳೆ, ಎಲ್ಲೂ ಒಂದು ಬಿರುಕಿಲ್ಲ. ಅವನು ವಾದ ಮಾಡಲಿಲ್ಲ; ಅವಳ ತೋರುಬೆರಳು ಹಿಡಿದು ಮೆಲ್ಲಗೆ ಬಟ್ಟೆಯ ಮೇಲಿಟ್ಟ. ಬೆರಳು ಆಚೆ ದಾಟಿತು. ತೂತಿನ ಸುಟ್ಟ ಅಂಚು ಬೆರಳಿಗೆ ತರಿತರಿಯಾಗಿ ತಾಗಿತು.

ಅಷ್ಟರಲ್ಲಿ ತಂಗಿ ಮೆಟ್ಟಿಲು ಹತ್ತಿ ಬಂದಳು. ಕೋಟು ಕಂಡದ್ದೇ ತಡ, ಏನಾಗಿದೆ ಎಂದೂ ಕೇಳದೆ, "ಅಯ್ಯೋ, ಅದನ್ನ ನಾನಿನ್ನೂ ನೋಡಿಲ್ಲ. ನಾಳೆ ಬನ್ನಿ, ಸರಿ ಮಾಡಿಟ್ಟಿರ್ತೀನಿ" ಎಂದುಬಿಟ್ಟಳು.

ಕಹಳೆಯವನು ಇಬ್ಬರ ಮುಖ ನೋಡಿ, ಕೋಟು ಅಲ್ಲೇ ಇಟ್ಟು ಇಳಿದುಹೋದ. ಸೂಜಕ್ಕನಿಗೆ ಅರ್ಥವಾಯಿತು. ಇಷ್ಟು ದಿನ ಗಿರಾಕಿಗಳು ಹೊಗಳಿದ್ದು ಯಾರ ಕೈಯನ್ನು ಎಂಬುದೂ ತಿಳಿಯಿತು.

ಕಣ್ಣಿನ ಆಸ್ಪತ್ರೆಗೆ ತಂಗಿಯೇ ಕರೆದುಕೊಂಡು ಹೋದಳು. ಡಾಕ್ಟರಮ್ಮ ಹನಿ ಹಾಕಿ, ಅಕ್ಷಿಪಟಲದ ಚಿತ್ರ ತೆಗೆದು, ನಿಧಾನವಾಗಿ ವಿವರಿಸಿದಳು.

"ಕಣ್ಣಿನ ಹಿಂಗೋಡೆ ಇದು, ನಡುವೆ ರಕ್ತನಾಳ ಸೋರಿ ಹಾಳಾಗಿದೆ. ಅಲ್ಲಿಂದ ಸುದ್ದಿ ಬರೋದು ನಿಂತಿದೆ. ಆದ್ರೆ ಮಿದುಳು ಖಾಲಿ ಜಾಗ ಬಿಡಲ್ಲ, ಸುತ್ತ ಏನಿದೆಯೋ ಅದನ್ನೇ ಎಳೆದು ಮುಚ್ಚುತ್ತೆ. ಚೆನ್ನಾಗಿರೋ ಕಣ್ಣಲ್ಲೂ ಒಂದು ಕುರುಡು ಚುಕ್ಕೆ ಇರುತ್ತೆ, ನಮಗ್ಯಾರಿಗೂ ಕಾಣಲ್ಲ. ಹೇಗೆ ಮುಚ್ಚುತ್ತೆ ಅಂತ ಇನ್ನೂ ಸಂಶೋಧನೆ ನಡೀತಿದೆ."

"ನನ್ನ ಕಸುಬನ್ನ ನನ್ನ ಮೇಲೇ ಮಾಡಿದೆ ಅನ್ನಿ" ಎಂದಳು ಸೂಜಕ್ಕ.

"ಲ್ಯಾಬಲ್ಲಿ ಜೀವಕೋಶ ಬೆಳೆಸಿ ಅಲ್ಲಿಗೆ ತೇಪೆ ಹಾಕೋ ಪ್ರಯತ್ನಾನೂ ಇದೆ. ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಆಸೆ ಹುಟ್ಟಿಸಲ್ಲ. ಗೆರೆ ಸೊಟ್ಟಗೆ ಕಾಣೋಕೆ ಶುರುವಾದಾಗಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಬಹುಶಃ ಅಷ್ಟಕ್ಕೇ ತಡೀಬಹುದಿತ್ತು. ಈಗ ಕಲೆಗಟ್ಟಿದೆ. ಆಗ ಯಾರಿಗೂ ಹೇಳಲಿಲ್ವಾ?"

ತಂಗಿಯ ಕೈಯಲ್ಲಿದ್ದ ಚೀಲ ಜಾರಿ ನೆಲಕ್ಕೆ ಬಿತ್ತು.

ಅಂಗಡಿಗೆ ಮರಳಿದ ಮೇಲೆ ತಂಗಿ ಅತ್ತಳು. "ಸೂಜಿ ಬಿಟ್ಟು ನೀನು ಬದುಕ್ತೀಯ ಅಂತ ಅನ್ನಿಸಲಿಲ್ಲ ಅಕ್ಕ. ನಿನ್ನ ಮರ್ಯಾದೆ ಉಳೀಲಿ ಅಂತ, ನೀನು ಬಿಟ್ಟ ತೂತನ್ನೆಲ್ಲ ನಿನ್ನನ್ನ ನೋಡಿ ಕಲಿತ ಹಾಗೆ ರಾತ್ರಿ ಕೂತು ರಫು ಮಾಡಿದೆ." ಸೆರಗಿನಿಂದ ಮೂಗೊರೆಸಿಕೊಂಡು, "ಸುಳ್ಳು ಯಾಕೆ, ಸೂಜಿ ಸಿಕ್ಕಿದ್ದಕ್ಕೆ ನನಗೂ ಖುಷಿಯಾಗಿತ್ತು" ಎಂದಳು.

ಮಿದುಳಿನ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು, ಅದಕ್ಕೆ ಸತ್ಯ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ಇವಳು. ಒಂದೇ ತಟ್ಟೆಯಲ್ಲಿ ಉಂಡವಳು. ಆದರೂ ಸೂಜಕ್ಕ ಕೂಗಾಡಲಿಲ್ಲ. ಕಪಾಟಿನಿಂದ ಗೆರೆಗೆರೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರವಿದಳು.

"ಹೇಳು, ಗೆರೆ ಹೇಗಿದೆ?"

ತಂಗಿ ಬಗ್ಗಿ ನೋಡಿದಳು. "ನೆಟ್ಟಗಿದೆ ಅಕ್ಕ."

"ಈ ಮಾತನ್ನ ಹೋದ ವರ್ಷ ಹೇಳಬೇಕಿತ್ತು" ಎಂದು ಸೂಜಕ್ಕ ಭೂತಗನ್ನಡಿ ಬಿಚ್ಚಿ ಅವಳ ಮುಂದಿಟ್ಟು, ತಾನು ಹೋಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು.