ಕಾಣದೆ ಉಳಿದ ಎಡಗಡೆಯ ಕಾಲಂ

ಕೋವಿಡ್ ಕಳೆದು ಲಂಡನ್ನಿನ ಕಚೇರಿಗಳು ಅರ್ಧಂಬರ್ಧ ತೆರೆದಿದ್ದ ಸಮಯ. ನಾನು ಒಂದು ಶಾಸ್ತ್ರೀಯ ಸಂಗೀತದ ಮಾಸಪತ್ರಿಕೆಗೆ ಆರ್ಟ್ ಎಡಿಟರ್ ಆಗಿದ್ದೆ. ಬೇರೆಯವರು ಬರೆದದ್ದನ್ನು ಪುಟದ ಮೇಲೆ ಕೂಡಿಸುವುದು ನನ್ನ ಕೆಲಸ. ಯಾವ ಅಕ್ಷರ ಎಷ್ಟು ದಪ್ಪ ಇರಬೇಕು, ಚಿತ್ರ ಎಲ್ಲಿ ಬರಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬುದನ್ನೆಲ್ಲ ನಾನು ನಿರ್ಧರಿಸುತ್ತಿದ್ದೆ. ನಮ್ಮ ಮಾಲೀಕರು ಮಾತ್ರ ಕಚೇರಿಯನ್ನೇ ಮುಚ್ಚಿ ಎಲ್ಲರನ್ನೂ ಮನೆಯಿಂದ ಕೆಲಸ ಮಾಡಲು ಬಿಟ್ಟಿದ್ದರು. ಕ್ರೋಯ್ಡನ್ನಿನ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಬೆಳಿಗ್ಗೆ ಸಂಪಾದಕಿ ಹೆಲೆನ್ ಜೊತೆ ಸ್ಕ್ರೀನಿನ ಮೇಲೆ ಆಡಿದ ಮಾತೇ ಎಷ್ಟೋ ದಿನ ನನ್ನ ಇಡೀ ದಿನದ ಮಾತಾಗಿರುತ್ತಿತ್ತು. ಧಾರವಾಡದ ಕನ್ನಡವನ್ನಂತೂ ಊರಿಗೆ ಫೋನ್ ಮಾಡಿದಾಗ ಮಾತ್ರ ಬಾಯಿಗೆ ತರುತ್ತಿದ್ದೆ.

ಆ ವಸಂತದಲ್ಲಿ ಪತ್ರಿಕೆಯ ಪರಿವಿಡಿ ಪುಟವನ್ನು ಹೊಸದಾಗಿ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಹಳೆಯ ಪುಟದಲ್ಲಿ ಮೂರು ಕಾಲಂ ಇದ್ದವು. ಎಡಕ್ಕೆ ಪ್ರತಿ ತಿಂಗಳೂ ಬರುವ ಅಂಕಣಗಳ ಪಟ್ಟಿ, ನಡುವೆ ಪಿಟೀಲು ಹಿಡಿದ ಯುವತಿಯ ದೊಡ್ಡ ಚಿತ್ರ, ಬಲಕ್ಕೆ ಆ ತಿಂಗಳ ವಿಶೇಷ ಲೇಖನಗಳು. ಮೇಲೆ ದಪ್ಪ ಅಕ್ಷರದಲ್ಲಿ ‘ಕಂಟೆಂಟ್ಸ್’ ಎಂಬ ಇಂಗ್ಲಿಷ್ ಶೀರ್ಷಿಕೆ. ಎಡಗಡೆಯ ಪಟ್ಟಿ ಬೇಡ, ಪುಟಕ್ಕೆ ಉಸಿರಾಡಲು ಜಾಗ ಕೊಡು ಎಂಬುದು ಹೆಲೆನ್ ವಾದ. ಮೊದಲು ಓದುಗರನ್ನು ಕೇಳೋಣ ಎಂದೆ ನಾನು.

ವಿಧಾನ ಸರಳವಾಗಿತ್ತು. ಒಪ್ಪಿದ ಚಂದಾದಾರರ ಮನೆಗೆ ಹೋಗಿ ಪುಟವನ್ನು ಮುಂದಿಡುವುದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿದ್ದ ಕ್ರಮದಲ್ಲೇ ಬೆರಳಿಟ್ಟು ಗಟ್ಟಿಯಾಗಿ ಹೇಳಲು ಕೇಳುವುದು. ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುವುದು. ಕಣ್ಣು ಪುಟದ ಮೇಲೆ ಓಡಾಡುವ ಈ ದಾರಿಗೆ ನಮ್ಮಲ್ಲಿ ರೀಡಿಂಗ್ ಪಾಥ್ ಎನ್ನುತ್ತಾರೆ. ಹೆಚ್ಚಿನವರು ಮೊದಲು ಚಿತ್ರ ನೋಡಿದರು, ಆಮೇಲೆ ಎಡಗಡೆಯ ಪಟ್ಟಿಗೆ ಬಂದರು, ಕೊನೆಗೆ ಬಲಕ್ಕೆ ಹೋದರು.

ಪಶ್ಚಿಮ ಲಂಡನ್ನಿನ ಹೌನ್ಸ್ಲೋದ ಓದುಗರೊಬ್ಬರ ಹೆಸರು ನೋಡಿ ಖುಷಿಯಾಗಿತ್ತು. ಡಾ. ವೆಂಕಟೇಶಯ್ಯ, ಮೈಸೂರಿನವರು. ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದು ನಿವೃತ್ತರಾದವರು. ಹೆಂಡತಿ ಸುಶೀಲಾ ತೀರಿಕೊಂಡಿದ್ದರು. ಒಬ್ಬಳೇ ಮಗಳು ಲೀಡ್ಸ್‌ನಲ್ಲಿದ್ದಳು. ನಾನು ಹೋದಾಗ ಉಪ್ಪಿಟ್ಟು ಮಾಡಿ ಕಾದಿದ್ದರು. ಇಬ್ಬರೂ ತಿಂದೆವು. ಅವರು ಅರ್ಧ ತಟ್ಟೆ ಹಾಗೇ ಬಿಟ್ಟು, “ಈಗೀಗ ಹಸಿವೇ ಇಲ್ಲಮ್ಮ” ಎಂದರು.

ಪುಟ ಮುಂದಿಟ್ಟು ಕೇಳಿದೆ: “ಸರ್, ಇದರಾಗ ನಿಮಗ ಏನೇನು ಕಾಣಸ್ತದ, ಬೆರಳಿಟ್ಟು ಹೇಳ್ರಿ.”

“ಪಿಟೀಲು ಹಿಡಿದಿರೋ ಹುಡುಗಿ. ಆಮೇಲೆ ಈ ಲೇಖನಗಳು.” ಬಲಗಡೆಯ ಕಾಲಂ ಪೂರ್ತಿ ಓದಿದರು. ತಲೆಬರಹಕ್ಕೆ ಬಂದಾಗ, “ಟೆಂಟ್ಸ್” ಎಂದರು. ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರೂ ನಕ್ಕರು. ಎಡಗಡೆಯ ಪಟ್ಟಿಯ ಮಾತೇ ಬರಲಿಲ್ಲ.

ಆ ಭೇಟಿಯಲ್ಲಿ ಕೆಲಸಕ್ಕಿಂತ ಹರಟೆಯೇ ಹೆಚ್ಚು ನಡೆಯಿತು. ಅವರಿಗೂ ಬೇಕಾಗಿತ್ತು, ನನಗೂ ಬೇಕಾಗಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, ಶನಿವಾರ ಕಾರು ತಗೊಂಡು ಮಗಳ ಮನೆಗೆ ಹೋಗುತ್ತೇನೆ ಎಂದರು. ಎದುರಿಗೆ ನಿಂತಿದ್ದ ಕಾರಿನ ಎಡಗಡೆಯ ಕನ್ನಡಿ ಮುರಿದು ಜೋತಾಡುತ್ತಿತ್ತು. ಯಾರೋ ಗುದ್ದಿ ಹೋಗಿದ್ದಾರೆ ಎಂದು ಬೇಸರಪಟ್ಟುಕೊಂಡರು.

ಮನೆಗೆ ಬಂದು ಹೆಲೆನ್‌ಗೆ ಫೋನ್ ಮಾಡಿ, ಒಬ್ಬ ಓದುಗರಿಗೆ ಎಡಗಡೆಯ ಪಟ್ಟಿ ಕಾಣಲೇ ಇಲ್ಲ ಎಂದೆ. ಅವಳಿಗೆ ಅಷ್ಟೇ ಸಾಕಾಗಿತ್ತು. “ನಾನು ಹೇಳಲಿಲ್ಲವೇ? ತೆಗೆದುಬಿಡು” ಎಂದಳು.

ತೆಗೆಯುವ ಮುಂಚೆ ಆ ವಿಡಿಯೋವನ್ನು ಮತ್ತೆ ನೋಡಿದೆ. ವಿನ್ಯಾಸದ ತಪ್ಪಿನಿಂದ ಓದುಗ ಒಂದು ಕಾಲಂ ಬಿಟ್ಟರೆ ಅವನ ಬೆರಳು ಅದರ ಅಂಚಿನವರೆಗೆ ಬಂದು ಹಿಂದಿರುಗುತ್ತದೆ. ಇವರ ಬೆರಳು ಚಿತ್ರದ ನಡುಭಾಗವನ್ನು ದಾಟಿ ಎಡಕ್ಕೆ ಬರಲೇ ಇಲ್ಲ. ಬಲಗಡೆಯ ಸಾಲುಗಳಲ್ಲೂ ಒಂದೆರಡು ಕಡೆ ಮೊದಲ ಅಕ್ಷರಗಳನ್ನು ನುಂಗಿ ಓದಿದ್ದರು. ‘ಟೆಂಟ್ಸ್’ ತಮಾಷೆಯಾಗಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ನೆನಪಾಯಿತು. ಉಳಿದದ್ದೆಲ್ಲ ಎಡ ಅರ್ಧದಲ್ಲೇ ಇತ್ತು. ಕಾರಿನ ಕನ್ನಡಿಯೂ ಎಡಗಡೆಯದೇ. ಅದನ್ನು ಅವರೇ ಎಲ್ಲೋ ತಾಗಿಸಿರಬೇಕು, ಶನಿವಾರ ಅದೇ ಕಾರಿನಲ್ಲಿ ಲೀಡ್ಸ್‌ಗೆ ಹೊರಡುವವರಿದ್ದರು. ಆದರೆ ಒಬ್ಬ ವೈದ್ಯರಿಗೆ, ಚಿತ್ರ ಜೋಡಿಸುವ ನಾನು, ನಿಮಗೇನೋ ಆಗಿದೆ ಎಂದು ಹೇಗೆ ಹೇಳುವುದು? ನನಗೆ ಗೊತ್ತಿದ್ದದ್ದು ಪುಟದ ಭಾಷೆ ಒಂದೇ. ಕಾಲಂಗಳನ್ನು ಅದಲುಬದಲು ಮಾಡಿ, ಪಟ್ಟಿಯನ್ನು ಬಲಕ್ಕೂ ವಿಶೇಷ ಲೇಖನಗಳನ್ನು ಎಡಕ್ಕೂ ಹಾಕಿ ಪ್ರಿಂಟ್ ತೆಗೆದೆ.

ಮರುದಿನ ಬೆಳಿಗ್ಗೆಯೇ ಹೌನ್ಸ್ಲೋಗೆ ಹೋದೆ. ಹೊಸ ಪುಟ ಕೊಟ್ಟಾಗ ಅವರು ಹಿಂದಿನ ದಿನ ನೋಡದ ಪಟ್ಟಿಯನ್ನು ಒಂದೂ ಬಿಡದೆ ಓದಿದರು. ಹಿಂದಿನ ದಿನ ಆಸೆಯಿಂದ ಓದಿದ್ದ ಲೇಖನಗಳ ಸುದ್ದಿಯೇ ಇಲ್ಲ.

“ಲೇಖನಗಳು ಎಲ್ಲಿ ಅವ ರೀ, ಸರ್?”

“ತೆಗೆದುಬಿಟ್ಟಿದ್ದೀರಲ್ಲ.”

ನಾನು ಹಾಳೆಯನ್ನು ಮೆಲ್ಲಗೆ ಅವರ ಬಲಕ್ಕೆ ಸರಿಸಿದೆ. ಎಡಗಡೆಯ ಕಾಲಂ ಅವರ ಮುಂದೆ ಬಂತು. ಅವರ ಮುಖ ಬದಲಾಯಿತು.

“ಇದು ಎಲ್ಲಿತ್ತು?”

“ಇಲ್ಲೇ ಇತ್ತರಿ. ನಿನ್ನೆ ಆ ಪಟ್ಟಿನೂ ಇಲ್ಲೇ ಇತ್ತು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆಸ್ಪತ್ರೆಯಲ್ಲಿ ಇನ್ನೊಬ್ಬರ ಬಗ್ಗೆ ಹೇಳುವ ದನಿಯಲ್ಲಿ, “ಮಿದುಳಿನ ಬಲಭಾಗ. ಸ್ಟ್ರೋಕ್ ಇರಬೇಕು. ಹೋದ ತಿಂಗಳು ಒಂದು ದಿನ ತಲೆ ಸುತ್ತಿತ್ತು, ಮಲಗಿಬಿಟ್ಟೆ” ಎಂದರು. ಹೀಗಾದಾಗ ಕೆಲವರ ಗಮನದಿಂದ ಎಡಗಡೆಯ ಜಗತ್ತೇ ಜಾರಿಹೋಗುತ್ತದಂತೆ. ಕಣ್ಣು ಸರಿಯಿರುತ್ತದೆ, ಜಾರಿಹೋದದ್ದು ಮಾತ್ರ ಅವರಿಗೆ ತಿಳಿಯುವುದಿಲ್ಲ. ನೆಗ್ಲೆಕ್ಟ್ ಎಂದು ಅದರ ಹೆಸರು.

“ಸುಶೀಲಾ ಇದ್ದಿದ್ರೆ ಮೊದಲನೇ ದಿನವೇ ಕೇಳಿರೋಳು,” ಎಂದರು, “ಯಾಕ್ರೀ ಅರ್ಧ ತಟ್ಟೆ ಹಾಗೇ ಬಿಟ್ರಿ ಅಂತ.” ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಕಡೆ ತಳ್ಳಿದರು. “ಆಂಬುಲೆನ್ಸ್‌ಗೆ ಫೋನ್ ಮಾಡಮ್ಮ.”

ಆಸ್ಪತ್ರೆಯಲ್ಲಿ ನರ್ಸ್ ಬಂದು, ನೀವು ಮಗಳೇ ಎಂದು ಕೇಳಿದಳು. ಅವರು ಓದುವ ಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ ಎಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ ‘ಫ್ರೆಂಡ್’ ಎಂದು ಬರೆದುಕೊಂಡಳು. ಸ್ಕ್ಯಾನಿನಲ್ಲಿ ಅವರ ಊಹೆ ನಿಜವಾಯಿತು. ಕತ್ತಿನ ಒಂದು ರಕ್ತನಾಳ ಬಹಳ ಕಿರಿದಾಗಿತ್ತು. ಇನ್ನೊಂದು ದೊಡ್ಡ ಸ್ಟ್ರೋಕ್ ಬರುವ ಮುಂಚೆ ಆಪರೇಷನ್ ಮಾಡಿದರು.

ಪುಟದ ಪರೀಕ್ಷೆಯಿಂದ ಅವರ ಓದನ್ನು ಕೈಬಿಡಬೇಕೆಂದು ಹೆಲೆನ್‌ಗೆ ಕಾರಣ ಸಮೇತ ಹೇಳಿದೆ. ಅವಳು ಒಪ್ಪಿದಳು. ಎಡಗಡೆಯ ಪಟ್ಟಿ ಉಳಿಯಿತು. ಡಾಕ್ಟರನ್ನು ಮಗಳು ಲೀಡ್ಸ್‌ಗೆ ಕರೆದುಕೊಂಡು ಹೋದಳು. ಅವರ ಜೀವ ಉಳಿದದ್ದಕ್ಕೆ ಸಮಾಧಾನವಿತ್ತು. ಆದರೆ ಎರಡೇ ಭೇಟಿಯಲ್ಲಿ ರೂಢಿಯಾಗಿಬಿಟ್ಟಿದ್ದ ಕನ್ನಡದ ಮನೆಯೊಂದು ಮುಚ್ಚಿದ್ದು ನನಗೆ ತಟ್ಟಿತು. ಆಮೇಲೆ ಕೆಲವು ದಿನ ನನ್ನ ಫ್ಲ್ಯಾಟಿನ ಕೆಳಗೆ ಓಡಾಡುವ ಟ್ರಾಮಿನ ಸದ್ದು ಹೆಚ್ಚಾಗಿ ಕೇಳಿಸಿದಂತಿತ್ತು.

ಓದುಗ ಒಂದು ಪುಟದಲ್ಲಿ ಏನನ್ನು ನೋಡಲಿಲ್ಲ ಎಂಬುದರ ಜೊತೆಗೆ, ನೋಡಲಿಲ್ಲವೆಂದು ಅವನಿಗೆ ಹೇಳಲು ಯಾರಿದ್ದಾರೆ ಎಂಬುದನ್ನೂ ಕೇಳಬೇಕೆಂದು ಈ ಕೆಲಸ ನನಗೆ ಕಲಿಸಿತು. ಅಂದಿನಿಂದ ಯಾರ ಮನೆಗೆ ಹೋದರೂ ಪುಟ ತೆರೆಯುವ ಮೊದಲು, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ವಿಚಾರಿಸುತ್ತೇನೆ. ಇತ್ತೀಚೆಗೆ ಹೇಸ್ ಎಂಬಲ್ಲಿ ಒಬ್ಬ ಅಜ್ಜಿ ತಾವೊಬ್ಬರೇ ಎಂದು ಹೇಳಿ, ಅದೇ ಪ್ರಶ್ನೆಯನ್ನು ನನಗೆ ತಿರುಗಿ ಕೇಳಿದರು. ನಾನೂ ಒಬ್ಬಳೇ ಎಂದೆ. ಅವರು ಎದ್ದು ಇನ್ನೊಂದು ಕಪ್ ಚಹಾ ತಂದರು. ಪುಟವನ್ನು ಆಮೇಲೆ ನೋಡಿದೆವು.