ಗಳದ ಪಕ್ಕದ ಮುದ್ದೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಕಣಕಟ್ಟೆಯ ನಮ್ಮ ತೋಟದ ಮನೆಗೆ ತಂದ ನಾಯಿಮರಿ ಬೆಳೆಯುತ್ತಲೇ ಕೋಳಿಗಳ ಬೆನ್ನು ಹತ್ತಿತು. ಕೈಗೆ ಸಿಕ್ಕ ಕೋಲಿನಿಂದ ದಿನಾ ನಾಲ್ಕು ಬಾರಿಸಿದೆ. ದಂಡಂ ದಶಗುಣಂ ಎಂದು ನಂಬಿದವಳು ನಾನು. ಬಿಸ್ಕತ್ತು ಕೊಟ್ಟು ನಾಯಿಗೆ ಬುದ್ಧಿ ಕಲಿಸುವ ವಿಡಿಯೋ ಒಂದನ್ನು ನಮ್ಮ ಯಜಮಾನರು ಫೋನಿನಲ್ಲಿ ತೋರಿಸಿದರೆ, ಕೋಳಿ ಹಿಡಿಯುವ ನಾಯಿಗೆ ಬಿಸ್ಕತ್ತು ಬೇರೆ ಕೇಡು ಎಂದು ನಕ್ಕಿದ್ದೆ. ಹದಿನೈದು ದಿನದಲ್ಲಿ ಅದು ಕೋಳಿಗಳ ಕಡೆ ತಿರುಗಿಯೂ ನೋಡದಂತಾಯಿತು. ನಾನು ಬೀಗಿದೆ.

ಆಮೇಲೆ ಕಾಯಿ ಕೀಳುವ ದಿನ ಬಂತು. ವರ್ಷಗಳಿಂದ ನಮ್ಮ ತೆಂಗಿನ ಕಾಯಿ ಕೀಳುವ ಅಣ್ಣ, ತುದಿಗೆ ಕುಡುಗೋಲು ಕಟ್ಟಿದ ಬಿದಿರಿನ ಗಳ ಹೊತ್ತು ತೋಟದೊಳಗೆ ಕಾಲಿಟ್ಟಿದ್ದೇ ತಡ, ನಾಯಿ ಮೇಲೆರಗಿ ಅವರ ಪಂಚೆ ಹರಿಯಿತು. ಪುಣ್ಯಕ್ಕೆ ಕಾಲಿಗೆ ಹಲ್ಲು ತಾಗಲಿಲ್ಲ. ನಾಳೆಯೇ ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಬೇಲೂರಿನ ಆಚೆ ಎಲ್ಲಾದರೂ ಬಿಟ್ಟು ಬರುತ್ತೇನೆ ಎಂದರು ಯಜಮಾನರು. ಎಷ್ಟೇ ಹೊಡೆದಿದ್ದರೂ ನಾನು ಸಾಕಿದ ನಾಯಿ.

ಅಣ್ಣ ಗಳವನ್ನು ನೆಲಕ್ಕೆ ಹಾಕಿದರು. ನಾಯಿ ತೆಪ್ಪಗಾಯಿತು. ಮತ್ತೆ ಎತ್ತಿದರು, ಮತ್ತೆ ಬೊಗಳಿತು.

"ಇದು ನನ್ ಮ್ಯಾಲೆ ಬತ್ತಿಲ್ಲ ಕಣವ್ವ, ಗಳದ ಮ್ಯಾಲೆ ಬತ್ತೈತೆ. ಯಾರೋ ಕೋಲಲ್ಲಿ ಸರಿಯಾಗಿ ಇಕ್ಕವ್ರೆ," ಎಂದರು.

ಯಜಮಾನರು ಒಮ್ಮೆ ನನ್ನತ್ತ ನೋಡಿದರು, ಅಷ್ಟೇ. ಮುಂದಿನ ಸಲ ಕಾಯಿ ಕೀಳುವವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ. ಹೋಗುವಾಗ ಅಣ್ಣ ಒಂದು ಹಳೇ ಗಳವನ್ನು ಅಂಗಳದಲ್ಲೇ ಬಿಟ್ಟು, ಇದರ ಪಕ್ಕದಲ್ಲೇ ನಾಯಿಗೆ ಊಟ ಹಾಕಿ ಎಂದರು.

ದಿನಾ ಎರಡು ಹೊತ್ತು ಗಳದ ಪಕ್ಕ ಮುದ್ದೆ ಇಟ್ಟು ದೂರ ಕೂರುತ್ತಿದ್ದೆ. ಮೊದಮೊದಲು ನಾಯಿ ಮುದ್ದೆ ಕಚ್ಚಿಕೊಂಡು ಓಡಿಹೋಗುತ್ತಿತ್ತು. ಗದರದೆ ಸುಮ್ಮನೆ ಕೂರುವುದು ನನಗೆ ಬಲು ಕಷ್ಟವಾಯಿತು. ಎರಡು ತಿಂಗಳಾಗುವಷ್ಟರಲ್ಲಿ ಅದು ಗಳದ ಮೇಲೆ ತಲೆಯಿಟ್ಟು ಮಲಗತೊಡಗಿತು.

ಅಣ್ಣ ಮತ್ತೆ ಬಂದರು. ಗಳ ಎತ್ತಿದರು, ಕಾಯಿ ದಬದಬ ಬಿದ್ದವು. ನಾಯಿ ಬಾಲ ಅಲ್ಲಾಡಿಸಿಕೊಂಡು ನಿಂತಿತ್ತು. ಇನ್ನು ಇದು ಇಲ್ಲೇ ಇರಲಿ ಎಂದು ಯಜಮಾನರೂ ಒಪ್ಪಿದರು. ಆ ಖುಷಿಯಲ್ಲಿ, ಗೋಡೆಗೆ ಒರಗಿಸೋಣವೆಂದು ನಾನೇ ಅಂಗಳದ ಹಳೇ ಗಳವನ್ನು ಕೈಗೆತ್ತಿಕೊಂಡೆ. ಅಲ್ಲಿಯವರೆಗೆ ಒಮ್ಮೆಯೂ ಅದನ್ನು ಎತ್ತಿರಲಿಲ್ಲ. ನಾಯಿ ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತಾ ಹೋಗಿ ಅಣ್ಣನ ಕಾಲ ಹಿಂದೆ ಅಡಗಿತು.

ನಾಚಿಕೆಯಿಂದ ಕುಗ್ಗಿಹೋದೆ. "ಇಕ್ಕಿದ್ದು ನಾನೇ ಕಣಣ್ಣ," ಎಂದೆ.

ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದ ಅವರು ಗಳವನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಂದು ಚೂರು ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ನೆಲದ ಮೇಲೆ ಕೂರಲು ಹೇಳಿದರು. ಕೂತೆ. ನನ್ನ ಕೈವರೆಗೆ ಬರಲು ನಾಯಿಗೆ ಬಹಳ ಹೊತ್ತು ಹಿಡಿಯಿತು.